ಅಣ್ಣನ ಪಾಲಿನ ಮೀನು

ಮೀನಿನ ವಾಸನೆ ಕೈಯಿಂದ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದ್ದಾಯಿತು, ನಿಂಬೆಸಿಪ್ಪೆ ಉಜ್ಜಿದ್ದಾಯಿತು, ಹೆಂಡತಿ ದೂರದಿಂದಲೇ ಸೋಪಿನ ಡಬ್ಬಿ ಎಸೆದದ್ದೂ ಆಯಿತು. ಅವಳ ತವರಿನಲ್ಲಿ ಮೀನು ತಿನ್ನುವುದಿಲ್ಲ. ಆದ್ದರಿಂದ ಇವತ್ತು, ಮಹಾಲಯ ಅಮಾವಾಸ್ಯೆಯ ದಿನ, ಅಡುಗೆಮನೆಯನ್ನು ಅತ್ತಿಗೆಗೆ ಬಿಟ್ಟುಕೊಟ್ಟು ಅವಳು ಹಿತ್ತಲು ಸೇರಿದ್ದಾಳೆ. ನಾನು ಪಡಸಾಲೆಯಲ್ಲಿ ಕೂತು ಆಗಾಗ ಕೈ ಮೂಸಿಕೊಳ್ಳುತ್ತಿದ್ದೇನೆ. ವಾಸನೆ ಹೋಯಿತೋ ಇಲ್ಲವೋ ಎಂದು ನೋಡುವ ನೆಪ. ನಿಜ ಹೇಳಬೇಕೆಂದರೆ ಒಳಗೆ ಹೋಗಲು ಮನಸ್ಸಾಗುತ್ತಿಲ್ಲ.

ನೀವು ಕರಾವಳಿಯವರಾದರೆ ಚಳ್ಳಕೆರೆಯವನೊಬ್ಬ ಮೀನಿನ ಮಾತೆತ್ತಿದ್ದಕ್ಕೇ ನಗುತ್ತೀರಿ. ನಗಿ, ಅಡ್ಡಿಯಿಲ್ಲ. ನಮ್ಮದು ಕುರಿ, ಕಂಬಳಿ, ಕಡಲೆಕಾಯಿಯ ಸೀಮೆ. ಊರಿನ ಹೆಸರಿನಲ್ಲಿ ಕೆರೆಯಿದೆ, ಅದರಲ್ಲಿ ನೀರಿರುವ ವರ್ಷ ಮಾತ್ರ ಕಡಿಮೆ. ಇಲ್ಲಿ ಮೀನು ತಾಜಾ ಎನ್ನುವುದು ದೇವರಿದ್ದಾನೆ ಎನ್ನುವ ಹಾಗೆ, ನಂಬುವವರು ನಂಬುತ್ತಾರೆ. ನಾನಂತೂ ಎಣ್ಣೆ ಮಿಲ್ಲಿನ ಗುಮಾಸ್ತ. ಕಡಲೆಬೀಜ ಕೈಯಲ್ಲಿ ಹಿಡಿದು ಹಸಿ ಎಷ್ಟು ಎಂದು ಹೇಳಬಲ್ಲೆ, ಆದರೆ ಮೀನಿನ ಕಿವಿರು ಎತ್ತಿ ನೋಡು ಎಂದರೆ ಅದರ ಬಾಯಿ ಬಿಡಿಸುವವನು.

ನಮ್ಮ ಮನೆಗೆ ಮೀನು ತಂದವನು ಅಣ್ಣ. ಅವನು ಲಾರಿ ಡ್ರೈವರ್. ಇಲ್ಲಿಂದ ಎಣ್ಣೆ ಡಬ್ಬಿ ತುಂಬಿಕೊಂಡು ಮಂಗಳೂರಿನ ಕಡೆ ಹೋಗುತ್ತಿದ್ದ. ಬರುವಾಗ ಒಂದು ಡಬ್ಬದಲ್ಲಿ ಐಸು, ಅದರ ಮೇಲೆ ಮರದ ಹೊಟ್ಟು, ಎರಡರ ನಡುವೆ ಬಂಗುಡೆ. ಹೊಸದಾಗಿ ಮದುವೆಯಾಗಿ ಕೊಂಡ್ಲಹಳ್ಳಿಯಿಂದ ಬಂದಿದ್ದ ಅತ್ತಿಗೆ ಮೊದಲ ಸಲ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಅಡುಗೆ ಮಾಡಿದ್ದರು. ಅಣ್ಣ ಪಕ್ಕದಲ್ಲೇ ಕೂತು, "ಹುಳಿ ಮುಂದಿರಬೇಕು ಕಣೆ, ಖಾರ ಹಿಂದಿಂದ ಬರಬೇಕು" ಎಂದು ದೊಡ್ಡ ಬಾಣಸಿಗನಂತೆ ಹೇಳಿಕೊಡುತ್ತಿದ್ದ. ಅವನಿಗೆ ಟೀ ಕಾಯಿಸಲೂ ಬರುತ್ತಿರಲಿಲ್ಲ. ಒಂದೆರಡು ವರ್ಷದಲ್ಲಿ ಅತ್ತಿಗೆಯ ಸಾರಿನ ವಾಸನೆಗೆ ಬೀದಿಯ ಬೆಕ್ಕುಗಳೆಲ್ಲ ನಮ್ಮ ಮನೆಯ ನಂಟರಾದವು.

ತೊಂಬತ್ತರ ದಶಕದ ನಡುವಿನಲ್ಲಿ ಒಂದು ದಿನ ಅಣ್ಣ ಲೋಡು ಇಳಿಸಿ ಬಂದು, ಲಾರಿಯ ಬೀಗದ ಕೈಯನ್ನು ಮಾಲೀಕರ ಕೈಗೆ ಕೊಟ್ಟು, "ಮನೆಗೆ ಹೋಗ್ತೀನಿ" ಎಂದನಂತೆ. ಮಾಲೀಕರ ಶೆಡ್ಡಿನಿಂದ ನಮ್ಮ ಮನೆ ನಡೆದು ಹೋಗುವಷ್ಟು ದೂರ. ಅವನು ಮನೆಗೆ ಬರಲಿಲ್ಲ. ಜಗಳವಿರಲಿಲ್ಲ, ಕಾಯಿಲೆಯಿರಲಿಲ್ಲ, ಬೇರೆ ಹೆಂಗಸಿನ ಸುದ್ದಿಯೂ ಇರಲಿಲ್ಲ. ಪೊಲೀಸರಿಗೆ ಹೇಳಿದೆವು, ಆಸ್ಪತ್ರೆಗಳಲ್ಲಿ ಹುಡುಕಿದೆವು. ಶಾಸ್ತ್ರ ಹೇಳುವವನೊಬ್ಬ ಪಶ್ಚಿಮದ ಕಡೆ ಇದ್ದಾನೆ ಎಂದ. ಚಳ್ಳಕೆರೆಗೆ ಪಶ್ಚಿಮದಲ್ಲಿ ಅರ್ಧ ರಾಜ್ಯವೇ ಇದೆ.

ಬದುಕಿದ್ದರೆ ಅಣ್ಣ ಹೆಂಡತಿಯನ್ನು ಬಿಟ್ಟುಹೋದವನು, ಇಲ್ಲದಿದ್ದರೆ ಸತ್ತವನು. ಅತ್ತಿಗೆಯ ಪಾಲಿಗೆ ಉಳಿದದ್ದು ಇವೆರಡೇ. ಮಕ್ಕಳೂ ಇರಲಿಲ್ಲ. ತವರಿನವರು ಬಂದು ಕರೆದರೂ ಹೋಗಲಿಲ್ಲ. "ಅವರು ಬಂದಾಗ ನಾನಿಲ್ಲ ಅಂದ್ರೆ ಏನಂತಾರೆ?" ಎಂದು ಒಂದೇ ಮಾತು ಹೇಳಿ ಕಳಿಸಿಬಿಟ್ಟರು. ಅಂದಿನಿಂದ ಭಾನುವಾರದ ಸಂತೆಯಿಂದ ಅವರೇ ಮೀನು ತರತೊಡಗಿದರು. ಸಾರು ಮಾಡಿ ಅಣ್ಣನ ಪಾಲನ್ನು ಒಂದು ಬೋಗುಣಿಯಲ್ಲಿ ಮುಚ್ಚಿಟ್ಟು, ಮಾರನೆಯ ದಿನ ಅದನ್ನು ಬಿಸಿ ಮಾಡಿ ನನಗೆ ಬಡಿಸುತ್ತಿದ್ದರು. ಹೀಗೆ ಅಣ್ಣನ ಪಾಲು ತಿಂದು ದಪ್ಪಗಾದವನು ನಾನು.

ಚೀಲ ಹಿಡಿಯಲು ಅತ್ತಿಗೆಯ ಜೊತೆ ಹೋಗುತ್ತಿದ್ದೆ. ಮೀನು ಮಾರುತ್ತಿದ್ದ ಮೆಹಬೂಬ್ ಸಾಬರಿಗೂ ಅವರಿಗೂ ನಡೆಯುತ್ತಿದ್ದ ಜಗಳವನ್ನು ನೋಡಲು ಪಕ್ಕದ ಒಣಮೆಣಸಿನಕಾಯಿಯವರೂ ವ್ಯಾಪಾರ ಬಿಟ್ಟು ನಿಲ್ಲುತ್ತಿದ್ದರು.

"ಇದರ ಕಣ್ಣು ನೋಡ್ರಿ ಸಾಬ್ರೆ, ಪೊರೆ ಬಂದಂಗೈತೆ. ಇದನ್ನ ತಾಜಾ ಅಂತೀರಾ?"

"ಖುದಾ ಕಸಮ್ ತಂಗೀ, ಬೆಳಗ್ಗೆ ಬಂದಿರೋ ಮಾಲು. ಐಸೇ ಕರಗಿಲ್ಲ ನೋಡು."

"ಐಸು ತಾಜಾ ಐತೆ, ಮೀನಲ್ಲ. ಅರ್ಧಕ್ಕೆ ಕೊಡ್ರಿ."

ಸಾಬರು ಟೋಪಿ ತೆಗೆದು ತಲೆ ಕೆರೆದುಕೊಂಡು, ಅಂಗಡಿಯನ್ನೇ ಬರೆದುಕೊಡುತ್ತೇನೆಂದು ಗೊಣಗಿ, ಕೊನೆಗೆ ಇಳಿಸಿ ಕೊಡುತ್ತಿದ್ದರು. ಕರಾವಳಿಯ ಲಾರಿ ಬಾರದ ವಾರ ನಾವಿಬ್ಬರೂ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋಗಿದ್ದೂ ಉಂಟು. ಅಲ್ಲಿ ಡ್ಯಾಮಿನ ಮೀನು ಮಾರುವ ಹೆಂಗಸು "ಇಪ್ಪುಡೇ ಪಟ್ಟಿನವಮ್ಮಾ" ಎಂದು, ಈಗಷ್ಟೇ ಹಿಡಿದದ್ದೆಂದು, ತೆಲುಗಿನಲ್ಲಿ ಆಣೆಯಿಟ್ಟರೆ, ಅತ್ತಿಗೆ ತಮ್ಮ ತವರಿನ ಅರೆಬರೆ ತೆಲುಗಿನಲ್ಲೇ ಅವಳ ಆಣೆಯನ್ನು ಅಲ್ಲಗಳೆದು ಅಲ್ಲೂ ಗೆಲ್ಲುತ್ತಿದ್ದರು. ಎದುರಿನವರು ಹೇಳಿದ್ದನ್ನು ಕೊಟ್ಟು ಬರುವ ನನ್ನಂಥವನಿಗೆ ಅದೊಂದು ವಿದ್ಯೆಯಂತೆ ಕಾಣುತ್ತಿತ್ತು.

ಈಗ ಎಡೆಯ ಮಾತು ಹೇಳಬೇಕು. ಹಿರಿಯರ ಹಬ್ಬದ ದಿನ ಸತ್ತವರ ಹೆಸರಿನಲ್ಲಿ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತೇವೆ. ನಮ್ಮಪ್ಪನ ಎಲೆಯ ಪಕ್ಕ ಒಂದು ಕಟ್ಟು ಬೀಡಿಯೂ ಇರುತ್ತದೆ. ನಮ್ಮ ಮನೆಯಲ್ಲಿ ಇದಕ್ಕೊಂದು ಕಟ್ಟಳೆಯಿದೆ: ಎಡೆಗೆ ತರುವ ಪದಾರ್ಥಕ್ಕೆ ಚೌಕಾಸಿ ಮಾಡಬಾರದು. ಅಂಗಡಿಯವರು ಹೇಳಿದ್ದನ್ನು ಕೊಟ್ಟು ಬರಬೇಕು. ಚೌಕಾಸಿ ಮಾಡಿ ತಂದದ್ದನ್ನು ಹಿರಿಯರು ಮುಟ್ಟುವುದಿಲ್ಲ ಎಂದು ಅವ್ವ ಗಟ್ಟಿಯಾಗಿ ನಂಬಿದ್ದಳು. ಇದು ಅಂಗಡಿಯವರಿಗೂ ಗೊತ್ತಿತ್ತೆಂದು ಕಾಣುತ್ತದೆ, ಆ ವಾರ ಎಲ್ಲದರ ಬೆಲೆಯೂ ಏರಿರುತ್ತಿತ್ತು.

ಅಣ್ಣ ಹೋಗಿ ಕೆಲವು ವರ್ಷಗಳಾದ ಮೇಲೆ, ಹಬ್ಬದ ಹಿಂದಿನ ಸಂಜೆ ಅವ್ವ ಬಾಯಿಬಿಟ್ಟಳು. "ಈ ಸಲ ಅವನಿಗೂ ಒಂದು ಎಲೆ ಹಾಕಾನ. ಬದುಕಿದ್ರೆ ಇಷ್ಟೊತ್ತಿಗೆ ಬರ್ತಿದ್ದ. ಸತ್ತಿದ್ರೆ ನನ್ನ ಮಗ ಎಲ್ಲಿ ಹಸಕೊಂಡು ಕುಂತಾನೋ."

ನಾನು ಅತ್ತಿಗೆಯ ಮುಖ ನೋಡಲಿಲ್ಲ. ಬದುಕಿರುವವನಿಗೆ ಎಡೆಯಿಟ್ಟರೆ ನಾವೇ ಅವನನ್ನು ಮಣ್ಣು ಮಾಡಿದಂತೆ. ಸತ್ತವನಿಗೆ ಇಡದಿದ್ದರೆ ಹಸಿವಿನಲ್ಲಿ ಅಲೆಸಿದಂತೆ. ಇಬ್ಬರು ಹೆಂಗಸರಲ್ಲಿ ಯಾರದು ಸರಿ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಅತ್ತಿಗೆ ಮಾತ್ರ ಎದುರಾಡದೆ, "ಆಗ್ಲಿ ಅತ್ತೆ, ಮೀನು ನಾನೇ ತರ್ತೀನಿ" ಎಂದರು.

ಸಂತೆಯ ದಿನವಲ್ಲದಿದ್ದರೂ ಹಬ್ಬಕ್ಕೆಂದು ಅಂಗಡಿ ಹಾಕಿದ್ದ ಸಾಬರು ಮಾರನೆಯ ಬೆಳಿಗ್ಗೆ ಕೇಳಿದರು, "ಹಬ್ಬದ ಮೀನೇನು ತಂಗೀ?"

"ಯಾವ ಹಬ್ಬ? ಮನೆ ಊಟಕ್ಕೆ. ಎಷ್ಟಕ್ಕೆ ಕೊಡ್ತೀರಿ ಹೇಳ್ರಿ."

ಆಮೇಲೆ ಅವರು ಮಾಡಿದ ಚೌಕಾಸಿಯನ್ನು ನಾನು ಮರೆತಿಲ್ಲ. ಕಿವಿರು ಎತ್ತಿದರು, ಹೊಟ್ಟೆ ಒತ್ತಿದರು, ತಕ್ಕಡಿಯ ಮೇಲೆ ಅನುಮಾನ ಪಟ್ಟರು, ಎದ್ದು ಹೋದಂತೆ ಮಾಡಿ ತಿರುಗಿ ಬಂದರು. ಕಣ್ಣಲ್ಲಿ ನೀರು ತುಂಬಿತ್ತು, ಬಾಯಿ ಮಾತ್ರ ನಿಲ್ಲಲಿಲ್ಲ. ಸಾಬರು ಸುಮ್ಮನೆ ಇಳಿಸುತ್ತಾ ಹೋದರು. ಮನೆಯಲ್ಲಿ ಅವ್ವ ಕೇಳುವ ಮೊದಲೇ ಅತ್ತಿಗೆ, "ಚೌಕಾಸಿ ಮಾಡಿಬಿಟ್ಟೆ ಅತ್ತೆ" ಎಂದು ಚೀಲ ಕೆಳಗಿಟ್ಟರು. ಅಣ್ಣನಿಗೆ ಎಲೆ ಹಾಕುವಂತಿರಲಿಲ್ಲ, ಅವ್ವ ಆ ದಿನ ಊಟ ಮಾಡಲಿಲ್ಲ. ಮೀನನ್ನು ಅಣ್ಣನ ಪಾಲೂ ಸೇರಿಸಿ ನಾನೇ ತಿಂದೆ.

ಅಲ್ಲಿಂದ ಮುಂದೆ ಪ್ರತಿ ವರ್ಷ ಇದೇ ನಡೆಯಿತು. ಅವ್ವ ಕೇಳುವುದು, ಅತ್ತಿಗೆ ಒಪ್ಪುವುದು, ಮೀನಿಗೆ ಚೌಕಾಸಿಯಾಗುವುದು. ಜೋರಾಗಿ ಒಂದು ಮಾತು ಬರಲಿಲ್ಲ. ಮನೆಯೊಳಗೆ ಉಸಿರಾಡುವುದೇ ಕಷ್ಟವಾಗುತ್ತಿತ್ತು. ಅತ್ತಿಗೆ ಒಪ್ಪಿಕೊಂಡುಬಿಡಲಿ, ಇದು ಮುಗಿದುಹೋಗಲಿ ಎಂದು ನಾನು ಎಷ್ಟೋ ಸಲ ಬಯಸಿದ್ದೇನೆ. ಒಂದೆರಡು ಸಲ ಹೇಳಿಯೂ ನೋಡಿದೆ. "ನಿನಗೇನು ಗೊತ್ತಾಗ್ತತೆ, ಸುಮ್ನಿರಪ್ಪ" ಎಂದರು.

ಅವ್ವ ಹಾಸಿಗೆ ಹಿಡಿದಾಗ ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದಳು. "ಅವಳನ್ನ ಇನ್ನು ಕೇಳಬ್ಯಾಡ ಕಣಪ್ಪ. ನನಗೆ ಎಡೆ ಇಡ್ತೀಯಲ್ಲ, ಅದ್ರಾಗೆ ಒಂದಿಷ್ಟು ಜಾಸ್ತಿ ಇಡು. ಅವನೇನಾದ್ರೂ ಅಲ್ಲಿದ್ರೆ ನಾನೇ ಕರೆದು ಉಣ್ಣಿಸ್ತೀನಿ." ನಾನು ಹೂಂ ಎಂದೆ. ಅವಳು ತೀರಿಕೊಂಡ ಮೇಲೆ ಅತ್ತಿಗೆ ಅತ್ತ ಕಡೆ ತಿರುಗಿದಾಗ ಅವ್ವನ ಎಲೆಗೆ ಇನ್ನೊಂದು ಮುದ್ದೆ, ಇನ್ನೊಂದು ಸೌಟು ಸಾರು ಹಾಕುತ್ತಾ ಬಂದೆ. ಮೀನನ್ನು ಮಾತ್ರ ಇಡುವಂತಿರಲಿಲ್ಲ, ಅತ್ತಿಗೆ ಆಗಲೂ ಅದನ್ನು ಚೌಕಾಸಿ ಮಾಡಿಯೇ ತರುತ್ತಿದ್ದರು.

ಇವತ್ತು ಬೆಳಿಗ್ಗೆ ಎಂದಿನಂತೆ ಹೋದೆವು. ಅತ್ತಿಗೆಯ ತಲೆ ನೆರೆತಿದೆ, ಸಾಬರ ಗಡ್ಡಕ್ಕೆ ಮದರಂಗಿ ಬಂದಿದೆ. ಸಾಬರು ಬಂಗುಡೆ ಎತ್ತಿ ಹಿಡಿದು, ಅತ್ತಿಗೆ ಇಳಿಸುತ್ತಾರೆಂಬ ಲೆಕ್ಕದಲ್ಲೇ ಬಾಯಿಗೆ ಬಂದ ಬೆಲೆ ಹೇಳಿದರು. ಅತ್ತಿಗೆ ಮೀನಿನ ಕಣ್ಣು ನೋಡಲಿಲ್ಲ, ಕಿವಿರು ಎತ್ತಲಿಲ್ಲ. ಸೊಂಟದ ಚೀಲ ಬಿಚ್ಚಿದರು.

ಸಾಬರ ಕೈ ತಕ್ಕಡಿಯ ಮೇಲೆ ನಿಂತುಬಿಟ್ಟಿತು. "ಏನು ತಂಗೀ... ಜಾಸ್ತಿ ಹೇಳಿದೀನಿ. ಕೇಳು, ಕಡಿಮೆ ಕೇಳು."

ಅತ್ತಿಗೆ ನೋಟು ಎಣಿಸತೊಡಗಿದರು. ಆಗ ಯಾರೋ ಗಟ್ಟಿಯಾಗಿ, "ಏನ್ರಿ ಸಾಬ್ರೆ ಇದು, ಈ ರೇಟು ಯಾರು ಕೊಡ್ತಾರೆ? ಅರ್ಧಕ್ಕೆ ಕೊಡ್ರಿ" ಎಂದದ್ದು ಕೇಳಿಸಿತು. ಅದು ನನ್ನದೇ ದನಿ. ಹುಟ್ಟಿದ ಮೇಲೆ ಮೊದಲ ಸಲ ಚೌಕಾಸಿ ಮಾಡುತ್ತಿದ್ದೆ. ಸಾಬರು ತಕ್ಷಣ, "ಆಯ್ತು, ಅರ್ಧಕ್ಕೇ ತಗೊಳ್ರಿ" ಎಂದುಬಿಟ್ಟರು.

ಅತ್ತಿಗೆ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. "ಬ್ಯಾಡಪ್ಪ. ಹಸಿದಿರ್ತಾರೆ. ನೀವು ಮೊದ್ಲು ಹೇಳಿದ್ದೇ ತಗೊಳ್ರಿ ಸಾಬ್ರೆ."

ಸಾಬರು ತಲೆ ತಗ್ಗಿಸಿ ಹಣ ತೆಗೆದುಕೊಂಡರು. ಏನಾಯಿತು ಅತ್ತಿಗೆ, ಇವತ್ತೇ ಯಾಕೆ ಎಂದು ದಾರಿಯುದ್ದಕ್ಕೂ ಕೇಳಬೇಕೆಂದುಕೊಂಡೆ. ಏನೂ ಆಗಿರಲಿಲ್ಲ. ಸುದ್ದಿ ಬಂದಿರಲಿಲ್ಲ, ಗುರುತು ಸಿಕ್ಕಿರಲಿಲ್ಲ. ಕಾಯುವ ಶಕ್ತಿ ಮುಗಿದಿತ್ತು, ಅಷ್ಟೇ. ಇಷ್ಟು ವರ್ಷ ಅವರು ಒಪ್ಪಲಿ ಎಂದು ಕಾದವನು ನಾನು. ಅವರು ಒಪ್ಪಿದ ಮೇಲೆ ಗೊತ್ತಾಯಿತು, ನನ್ನ ಅಣ್ಣ ಇದುವರೆಗೂ ಬದುಕಿದ್ದದ್ದು ಆ ಚೌಕಾಸಿಯಲ್ಲೇ. ನನಗಿನ್ನು ಯಾವ ಆಸೆಯೂ ಇಲ್ಲ.

ಒಳಗಿನಿಂದ ಕುದಿಯುವ ಹುಳಿಯ ವಾಸನೆ ಬರುತ್ತಿದೆ. ಅತ್ತಿಗೆ ಕರೆಯುತ್ತಿದ್ದಾರೆ.

"ಬಾರಪ್ಪ, ಎಡೆ ಇಡಾನ. ಈ ಸಲ ಅತ್ತೆ ಎಲೆಗೆ ಜಾಸ್ತಿ ಹಾಕಬ್ಯಾಡ. ನಿಮ್ಮಣ್ಣಂಗೆ ಬ್ಯಾರೆ ಎಲೆ ಹಾಕೀನಿ."