ಕಮಾನುಗಾಡಿ ಮೇಷ್ಟ್ರು

ಅಮೆರಿಕದ ಕಥೆ ಹೇಳಲು ಎದ್ದರೆಂದರೆ ಪುಟ್ಟಸ್ವಾಮಯ್ಯ ಮೇಷ್ಟ್ರು ಮೊದಲು ಪಂಚೆ ಎತ್ತಿಕಟ್ಟುತ್ತಿದ್ದರು, ಹೊಳೆಗೆ ಇಳಿಯುವವರ ಹಾಗೆ. ಮೈಸೂರಿನಾಚೆ ಹೋದವರಲ್ಲ. ಆದರೂ ತೊಂಬತ್ತರ ದಶಕದಲ್ಲಿ, ಪಾಂಡವಪುರದ ವಾಚನಾಲಯದಲ್ಲಿ ಭಾನುವಾರ ಬೆಳಿಗ್ಗೆ ಈ ನಿವೃತ್ತ ಚರಿತ್ರೆ ಮೇಷ್ಟ್ರು ಮಾತಾಡುತ್ತಾರೆಂದರೆ ಅರಕೆರೆಯಿಂದಲೂ ಜನ ಬಸ್ಸು ಹತ್ತಿ ಬರುತ್ತಿದ್ದರು. ಬಿಳಿಯರು ಹೊಸ ನೆಲ ಹುಡುಕಿಕೊಂಡು ಪಶ್ಚಿಮಕ್ಕೆ ಹೊರಟ ಕಥೆ ಅದು.

“ಕಮಾನುಗಾಡಿ ಕಟ್ಕಂಡು ಎಂಡ್ರು ಮಕ್ಕಳ ಸಮೇತ ಒಂಟ್ರು ಕಣ್ರಪ್ಪಾ. ಬರೀ ಕುದ್ರೆ ಅನ್ಕಬ್ಯಾಡಿ, ಎಳ್ದಿದ್ದು ಎತ್ತು!”

“ಲಾಳ ಕಟ್ಟುಸ್ತಿದ್ರಾ ಮೇಷ್ಟ್ರೇ?” ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳುವರು. ಮೇಷ್ಟ್ರಿಗೆ ಅಷ್ಟೇ ಸಾಕು, ಎತ್ತಿನ ಗೊರಸಿನಲ್ಲೇ ಅರ್ಧ ಗಂಟೆ ಕಳೆಯುತ್ತಿತ್ತು.

ನಾನಾಗ ನಾಗಮಂಗಲದ ಕಾಲೇಜಿಗೆ ಹೊಸದಾಗಿ ಸೇರಿದ್ದ ಚರಿತ್ರೆಯ ಅಧ್ಯಾಪಕ. ಓದಿದ್ದು ತಲೆಗೇರಿತ್ತು. ಒಂದು ಭಾನುವಾರ ನಾನೂ ಕೇಳಲು ಹೋದೆ. ಬಿಳಿಯರು ಇಂಡಿಯನ್ನರ ನೆಲ ಕಿತ್ತುಕೊಂಡ ಭಾಗ ಬಂತು. ಅರಕೆರೆಯ ಸಿದ್ದೇಗೌಡರು ಎದ್ದು ನಿಂತರು.

“ಇಂಡಿಯನ್ನರು ಅಂದ್ರೆ ನಮ್ಮೋರೇ ತಾನೇ? ಅಷ್ಟು ದೂರಕ್ಕೆ ಯಾವಾಗೋದ್ರು?”

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. “ನಮ್ಮೋರೇ ಕಣ್ಲಾ ಸಿದ್ದ,” ಅಂದರು. “ನೆಲ ಬುಟ್ಟು ಎದ್ದೋಗಿ ಅನ್ನುಸ್ಕಂಡೋರು ನಮ್ಮೋರಲ್ದೆ ಇನ್ಯಾರ್ಲಾ?”

ನನಗೆ ತಡೆಯಲಾಗಲಿಲ್ಲ. ಎದ್ದೇಬಿಟ್ಟೆ. “ತಪ್ಪು ಹೇಳಬೇಡಿ ಸಾರ್. ಅವರಿಗೂ ನಮಗೂ ಸಂಬಂಧವೇ ಇಲ್ಲ. ಇಂಡಿಯಾ ಅಂದುಕೊಂಡು ಹಡಗಿನವರು ತಪ್ಪಾಗಿ ಇಟ್ಟ ಹೆಸರು ಅದು. ಇಷ್ಟೂ ಗೊತ್ತಿಲ್ಲದೆ ಭಾಷಣವೇ?”

ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರು ಪಂಚೆ ಇಳಿಬಿಟ್ಟು ಕೂತರು. ಆಮೇಲೆ ಎಷ್ಟು ಕರೆದರೂ ಮಾತಾಡಲು ಬರಲಿಲ್ಲ.

ಮೇಷ್ಟ್ರ ಅಪ್ಪನ ಊರು, ಗದ್ದೆ ಎಲ್ಲ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ್ದು ನನಗೆ ತಿಳಿದದ್ದು ತಡವಾಗಿ, ಸಿದ್ದೇಗೌಡರಿಂದ. “ಎಸ್ರಿನ್ ಇಸ್ಯ ಅವ್ರಿಗೆ ಗೊತ್ತಿರ್ಲಿಲ್ಲ ಅನ್ಕಂಡ್ಯಾ ಮಗಾ? ಮೊದ್ಲಿಂದ್ಲೂ ಗೊತ್ತಿತ್ತು ಅಂತ ನನಗೆ ಅವ್ರೇ ಏಳಿದ್ರು ಕಣಪ್ಪಾ, ಆಮ್ಯಾಕೆ,” ಎಂದರು ಗೌಡರು. ಥೂ, ನನ್ನ ಓದಿಗಿಷ್ಟು ಬೆಂಕಿ ಹಾಕ!

ಅದು ತಿಳಿದ ಮೇಲೆ ಮೇಷ್ಟ್ರು ಕೊನೆಯ ಸಲ ಸಿಕ್ಕಿದ್ದು ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ. ಮತ್ತೆ ವಾಚನಾಲಯಕ್ಕೆ ಬಂದು ಮಾತಾಡಬೇಕು ಸಾರ್ ಎಂದು ಕೈಮುಗಿದೆ. ನನ್ನ ತಂದೆಯ ವಯಸ್ಸಿನವರು, ನನ್ನನ್ನು ಕಂಡು ಎದ್ದು ನಿಂತುಬಿಟ್ಟರು.

“ಬ್ಯಾಡಿ ಬುಡಿ ಸಾರ್. ಅವತ್ತು ನೀವೇಳಿದ್ದೇ ಸರಿ. ಅವ್ರು ನಮ್ಮೋರಲ್ಲ.”

ಅಷ್ಟರಲ್ಲಿ ಅವರ ಬಸ್ಸು ಬಂತು. ಆ ವರ್ಷವೇ ಮೇಷ್ಟ್ರು ತೀರಿಕೊಂಡರು. ತಪ್ಪಾಯ್ತೆಂದು ಒಂದು ಮಾತು ಹೇಳಲು ನನಗೆ ಆಗಲೇ ಇಲ್ಲ.