ಮೂರು ಸಲ ಒತ್ತುವ ಬ್ರೇಕು

ಸುಂಕದಕಟ್ಟೆಯ ಬೈರಯ್ಯನ ಬಲಗಾಲಿಗೆ ಒಂದು ಚಾಳಿಯಿತ್ತು. ಊಟಕ್ಕೆ ಕೂತಾಗ, ಜಗಲಿಯ ಮೇಲೆ ಬೀಡಿ ಸೇದುವಾಗ, ಅದು ತನ್ನಷ್ಟಕ್ಕೆ ತಾನೇ ನೆಲವನ್ನು ಮೂರು ಸಲ ಒತ್ತುತ್ತಿತ್ತು. "ಮನೇಲೂ ಲಾರಿ ಓಡಿಸ್ತಾ ಇದೀಯೇನಯ್ಯ?" ಎಂದು ಹೆಂಡತಿ ಅಣ್ಣಮ್ಮ ರೇಗುತ್ತಿದ್ದಳು. ಈ ಚಾಳಿ ಕಲಿಸಿದ್ದು ಸಾಹುಕಾರ್ ರೇವಣಸಿದ್ದಯ್ಯನವರ ಲಾರಿ. ಸಾಹುಕಾರರು ರಾಜಾಜಿನಗರದ ಕಾರ್ಖಾನೆಗಳ ಹಿಂದೆ ಶೆಡ್ಡು ಹಾಕಿ ಲಾರಿ ಕಂಪನಿ ನಡೆಸುತ್ತಿದ್ದರು. ಬೈರಯ್ಯನಿಗೆ ಸಿಕ್ಕಿದ್ದು ಅವರ ಹಳೇ ಗಾಡಿ. ಅದರ ಬ್ರೇಕು ಮೊದಲ ಸಲ ಒತ್ತಿದರೆ ಕೇಳಿಸಿಕೊಳ್ಳುತ್ತಲೇ ಇರಲಿಲ್ಲ, ಎರಡನೇ ಸಲಕ್ಕೆ ಗೊಣಗುತ್ತಿತ್ತು. ಮೂರನೇ ಸಲ ಇದ್ದ ಬದ್ದ ಶಕ್ತಿಯನ್ನೆಲ್ಲ ಹಾಕಿ ತುಳಿದರೆ, ಹೋಗಲಿ ಪಾಪ ಎಂಬಂತೆ ಹಿಡಿಯುತ್ತಿತ್ತು.

ಕೆಲಸಕ್ಕೆ ಸೇರಿದ ದಿನ ಹಳೇ ಡ್ರೈವರ್ ಹನುಮಯ್ಯ ಅವನ ಕೈಗೆ ಬೀಗದ ಕೈ ಹಾಕಿ, "ಗಾಡಿ ಎಡಕ್ಕೆ ಎಳೀತದೆ, ನೀನು ಬಲಕ್ಕೆ ಎಳಿ. ಬ್ರೇಕು ಮೂರು ಸಲ. ಮಿಕ್ಕಿದ್ದು ಆಂಜನೇಯ ನೋಡ್ಕೋತಾನೆ" ಎಂದಿದ್ದ. ಕಂಪನಿಯಿಂದ ಬೈರಯ್ಯನಿಗೆ ದಕ್ಕಿದ ವಿದ್ಯೆ ಅಷ್ಟೇ. ಹನುಮಯ್ಯ ಮರುದಿನವೇ ಊರಿಗೆ ಹೋಗಿ ಕುರಿ ಸಾಕಿಕೊಂಡ. ಜಾಣ.

ಆಮೇಲೆ ಎಮರ್ಜೆನ್ಸಿ ಬಂತು. ದೇಶಕ್ಕೆ ದೇಶವೇ ಶಿಸ್ತು ಶಿಸ್ತು ಎನ್ನತೊಡಗಿದಾಗ ಸಾಹುಕಾರರು ಹಿಂದೆ ಬೀಳುತ್ತಾರೆಯೇ? ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟರಾಗಿದ್ದು ರಿಟೈರಾದ ಕೃಷ್ಣಯ್ಯನವರನ್ನು ಕರೆತಂದು ಮ್ಯಾನೇಜರ್ ಕುರ್ಚಿಯಲ್ಲಿ ಕೂರಿಸಿದರು. ಕೃಷ್ಣಯ್ಯನವರಿಗೆ ಸೈಕಲ್ ತುಳಿಯಲೂ ಬರುತ್ತಿರಲಿಲ್ಲ, ವಿಸಲ್ ಮಾತ್ರ ಬಹಳ ಚೆನ್ನಾಗಿ ಊದುತ್ತಿದ್ದರು. ಪ್ರತಿ ಸೋಮವಾರ ಡ್ರೈವರುಗಳನ್ನು ಸಾಲಾಗಿ ನಿಲ್ಲಿಸಿ ಖಾಕಿ ಅಂಗಿಯ ಗುಂಡಿ, ಗಡ್ಡ, ಉಗುರು ಎಲ್ಲ ಪರೀಕ್ಷೆ ಮಾಡುವರು. ಅವರು "ಶಿಸ್ತು!" ಎಂದರೆ ಇವರೂ "ಶಿಸ್ತು!" ಎಂದು ಒದರಬೇಕು. ಇದಕ್ಕೆ ಟ್ರೈನಿಂಗ್ ಎಂದು ಹೆಸರು. ಶೆಡ್ಡಿನ ಗೋಡೆಯ ಮೇಲೆ 'ಶಿಸ್ತೇ ಸುರಕ್ಷತೆ' ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆಸಿದರು. ಆ ಬಣ್ಣದ ದುಡ್ಡಿನಲ್ಲಿ ಒಂದು ಗಾಡಿಗಾದರೂ ಬ್ರೇಕ್ ಲೈನಿಂಗ್ ಹಾಕಿಸಬಹುದಿತ್ತು ಎಂದು ಡ್ರೈವರುಗಳು ತಮ್ಮತಮ್ಮಲ್ಲೇ ಗೊಣಗಿಕೊಂಡರು. ಗಟ್ಟಿಯಾಗಿ ಆಡುವ ಕಾಲವಲ್ಲ ಅದು.

ಬೈರಯ್ಯನಿಗೆ ಮೊದಲ ಮೆಮೊ ಸಿಕ್ಕಿದ್ದು ಬರಿಗಾಲಲ್ಲಿ ಲಾರಿ ಓಡಿಸಿದ್ದಕ್ಕೆ. "ಬೂಟು ಹಾಕ್ಕೊಂಡ್ರೆ ಪೆಡಲು ಎಲ್ಲಿಗಂಟ ಇಳೀತು ಅಂತ ಗೊತ್ತಾಗಲ್ಲ ಸಾರ್" ಎಂದು ಹೇಳಿ ನೋಡಿದ. ಎರಡನೆಯದು ಸಿಕ್ಕಿದ್ದು, ಎಲ್ಲರೂ ಸಾಲಾಗಿ ನಿಂತಿದ್ದಾಗ ಬ್ರೇಕಿನ ಮಾತು ಎತ್ತಿದ್ದಕ್ಕೆ.

"ಕಂಪನಿ ಬ್ರೇಕು ಚೆನ್ನಾಗಿದೆ" ಎಂದರು ಕೃಷ್ಣಯ್ಯ. "ದೋಷ ಇರೋದು ನಿನ್ನ ಕಾಲಲ್ಲಿ. ಇನ್ನೊಂದು ಮೆಮೊ ಬಂದ್ರೆ ಮನೆಗೆ ಹೋಗ್ತೀಯ."

ಬರಿಯ ಬೆದರಿಕೆಯಲ್ಲ ಅದು, ಆಗಲೇ ಇಬ್ಬರನ್ನು ಮನೆಗೆ ಕಳಿಸಿದ್ದರು. ಮಾಗಡಿ ರಸ್ತೆಯ ಲಾರಿ ಮಾಲೀಕರೆಲ್ಲ ಒಬ್ಬರಿಗೊಬ್ಬರು ಬೀಗರು. ಒಂದು ಕಡೆ ಹೊರಬಿದ್ದವನನ್ನು ಇನ್ನೊಂದು ಕಡೆ ಒಳಗೆ ಬಿಡುತ್ತಿರಲಿಲ್ಲ. ಅಣ್ಣಮ್ಮ ಎರಡು ಮೆಮೊಗಳನ್ನೂ ದೇವರ ಪಟದ ಹಿಂದೆ ಸಿಕ್ಕಿಸಿ, "ಮೂರನೇದಕ್ಕೆ ಇಲ್ಲಿ ಜಾಗ ಇಲ್ಲ, ನೆಪ್ಪಿರ್ಲಿ" ಎಂದಳು.

ಆಯುಧಪೂಜೆ ಬಂತು. ಲಾರಿಗಳನ್ನೆಲ್ಲ ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದರು. ಪೂಜೆಯಾದ ಮೇಲೆ ಒಂದು ಲಾರಿಯಲ್ಲಿ ಎಲ್ಲರೂ ಸುಂಕದಕಟ್ಟೆಯ ಆಂಜನೇಯನ ಗುಡಿಗೆ ಹೋಗಿಬರುವುದು ವಾಡಿಕೆ. ಆ ವರ್ಷ ಸಾಹುಕಾರರ ಹೆಂಡತಿ ಜಗದಾಂಬಾ ಹಬ್ಬಕ್ಕೆ ಎರಡು ದಿನ ಮುಂಚೆಯೇ, "ಮುಂದಿನ ಸೀಟಲ್ಲಿ ಕೂತು ನಾನೂ ಬರ್ತೀನಿ" ಎಂದು ಹಟ ಹಿಡಿದರು. ಗುಡಿ ಇದ್ದದ್ದು ಬೈರಯ್ಯನ ಊರಲ್ಲೇ, ಹಾಗಾಗಿ ಅವನ ಲಾರಿಯೇ ಎಂದು ತೀರ್ಮಾನವಾಯಿತು.

ಚಕ್ರದ ಕೆಳಗಿನ ನಿಂಬೆಹಣ್ಣು ಪಚಕ್ಕೆಂದವು. ಲಾರಿಯ ಹಿಂಬದಿಯಲ್ಲಿ ಡ್ರೈವರುಗಳು ಕಡಲೆಪುರಿ ಮುಕ್ಕುತ್ತ ಕೂತಿದ್ದರು. ಕೃಷ್ಣಯ್ಯನವರು ಮಾತ್ರ ಕೂರಲಿಲ್ಲ. ಗುಡಿಯ ಮುಂದೆ ಒಡೆಯಬೇಕಾದ, ಕುಂಕುಮ ತುಂಬಿದ ಬೂದುಗುಂಬಳವನ್ನು ಎದೆಗವಚಿಕೊಂಡು, ಬಾಯಲ್ಲಿ ವಿಸಲ್ ಕಚ್ಚಿಕೊಂಡು, ಕ್ಯಾಬಿನ್ನಿನ ಹಿಂದೆ ನೆಟ್ಟಗೆ ನಿಂತರು.

ಆ ಬ್ರೇಕನ್ನು ಬೈರಯ್ಯ ಸುಮ್ಮಸುಮ್ಮನೆ ಮುಟ್ಟುವವನಲ್ಲ. ಗೇರಿನಲ್ಲೇ ಸಂಭಾಳಿಸಿಕೊಂಡು ಕಾಮಾಕ್ಷಿಪಾಳ್ಯದ ಇಳಿಜಾರಿನವರೆಗೂ ಬಂದ. ಕೆಳಗೆ, ಬಲು ದೂರದಲ್ಲಿ, ಎಮ್ಮೆಯೊಂದು ರಸ್ತೆ ದಾಟುತ್ತಿತ್ತು. ಇಷ್ಟು ದೂರವಿದ್ದಾಗಲೇ ಶುರು ಮಾಡಿದರೆ ಅಲ್ಲಿಗೆ ಹೋಗುವ ಹೊತ್ತಿಗೆ ಸರಿಯಾಗುತ್ತದೆ ಎಂದು ಲೆಕ್ಕ ಹಾಕಿ, ಮೊದಲನೇ ಸಲ ಎಂದುಕೊಂಡು ಬಲವಾಗಿ ತುಳಿದ.

ಲಾರಿ ಗಕ್ಕನೆ ನಿಂತಿತು.

ಹಿಂದೆ ಕಡಲೆಪುರಿಯ ಮಳೆಯಾಯಿತು. ಕೃಷ್ಣಯ್ಯನವರು ಕುಂಬಳಕಾಯಿಯ ಸಮೇತ ಕ್ಯಾಬಿನ್ನಿಗೆ ಅಪ್ಪಳಿಸಿದರು. ಕೆಂಪಗಾದ ಅವರನ್ನು ನೋಡಿ, ಮ್ಯಾನೇಜರು ಸತ್ತೇಹೋದರು ಎಂದು ಜನ ಬಾಯಿ ಬಡಿದುಕೊಂಡರು. ತೊಳೆದು ನೋಡಿದರೆ ಮುಕ್ಕಾಲು ಪಾಲು ಕುಂಕುಮ. ಹೋಗಿದ್ದು ಮುಂದಿನ ಎರಡು ಹಲ್ಲು ಮಾತ್ರ. ಜಗದಾಂಬಾ ಅವರ ಹಣೆ ಊದಿಕೊಂಡಿತ್ತು. ಎಮ್ಮೆ ತನ್ನ ಪಾಡಿಗೆ ತಾನು ಹೋಯಿತು.

ಬೈರಯ್ಯ ಕೆಳಗಿಳಿದು ಚಕ್ರಗಳನ್ನು ನೋಡುತ್ತ ನಿಂತುಬಿಟ್ಟ. ಅವನಿಗೆ ಏನೂ ತಿಳಿಯಲಿಲ್ಲ. ಸಂಜೆ ಮೆಕ್ಯಾನಿಕ್ ಅಂಜಿನಯ್ಯ ಪಕ್ಕಕ್ಕೆ ಕರೆದು ಹೇಳಿದ: "ಅಮ್ಮಾವ್ರು ಕೂತ್ಕೋತಾರೆ ಅಂತ ಸಾವ್ಕಾರ್ರು ನೆನ್ನೆ ಬ್ರೇಕೆಲ್ಲಾ ಹೊಸದು ಹಾಕಿಸಿದ್ರು ಕಣಯ್ಯ. ನಿಂಗೆ ಹೇಳ್ಬೇಡ ಅಂದ್ರು." ಹೇಳುವುದಾದರೂ ಹೇಗೆ? ಸರಿಮಾಡಿಸಿದ್ದೇವೆ ಎಂದರೆ ಕೆಟ್ಟಿತ್ತು ಎಂದು ಒಪ್ಪಿಕೊಂಡಂತೆ.

ವಿಚಾರಣೆ ಸೋಮವಾರ, ಎಲ್ಲ ಡ್ರೈವರುಗಳ ಎದುರಿಗೇ ನಡೆಯಿತು. ಸಾಹುಕಾರರು ಕುರ್ಚಿಯಲ್ಲಿ ಕೂತಿದ್ದರು. ಕೃಷ್ಣಯ್ಯನವರು "ಶಿಸ್ತು!" ಎಂದು ಶುರುಮಾಡಲು ಹೋದರೆ ಬಾಯಿಂದ "ಫಿಫ್ತು!" ಎಂದು ಗಾಳಿ ಹೊರಟಿತು. ಸಾಲಿನಲ್ಲಿದ್ದವರು ತುಟಿ ಕಚ್ಚಿಕೊಂಡರು.

"ಬ್ರೇಕು ಕೆಲಫ ಮಾಡ್ತೋ ಇಲ್ವೋ? ಅಫ್ಟು ಹೇಳು."

"ಮಾಡ್ತು ಸಾರ್. ಅದಕ್ಕೇ ನೀವು ಬಿದ್ರಿ."

ಸಾಲು ಘೊಳ್ಳೆಂದಿತು. ಬೈರಯ್ಯ ನಗಲಿಲ್ಲ. ಅವನು ಮನೆಯಿಂದ ಹೊರಡುವಾಗ ಅಣ್ಣಮ್ಮ, "ತಪ್ಪಾಯ್ತು ಅಂತ ಕಾಲಿಗೆ ಬಿದ್ದುಬಿಡು" ಎಂದು ಹೇಳಿ ಕಳಿಸಿದ್ದಳು. ಬೀಳಬೇಕೆಂದೇ ಬಂದಿದ್ದ. ಆದರೆ ಸಾಹುಕಾರರ ಮುಖ ನೋಡಿದ ಮೇಲೆ ಸೊಂಟ ಬಗ್ಗಲಿಲ್ಲ.

"ಅಮ್ಮಾವ್ರು ಒಂದು ದಿನ ಕೂತ್ಕೋತಾರೆ ಅಂತ ಬ್ರೇಕು ಹಾಕಿಸಿದ್ರಿ ಸಾವ್ಕಾರ್ರೇ, ಒಳ್ಳೇದು ಮಾಡಿದ್ರಿ. ಇಷ್ಟು ವರ್ಷ ಅದೇ ಲಾರೀಲಿ ನಾನೂ ಕೂತಿದ್ದೆ."

ರೇವಣಸಿದ್ದಯ್ಯನವರು ಕೆಂಪಗಾದರು, ಆಮೇಲೆ ಕೆಮ್ಮಿದರು. ಇವನನ್ನು ಹೊರಗೆ ಹಾಕಿದರೆ ಈ ಮಾತು ಮಾಗಡಿ ರಸ್ತೆಯ ಉದ್ದಕ್ಕೂ ಓಡಾಡುತ್ತದೆ, ಬೀಗರು ನಗುತ್ತಾರೆ ಎಂಬುದು ಅವರಿಗೆ ಹೊಳೆಯಿತು. ವ್ಯಾಪಾರಸ್ಥರಲ್ಲವೇ!

"ಹೋಗ್ಲಿ, ಮೆಮೊ ಬೇಡ" ಎಂದರು. "ಒಳ್ಳೇ ಗಾಡಿ ನಿನ್ನ ಕಾಲಿಗೆ ಒಗ್ಗಲ್ಲ ಬೈರಯ್ಯ. ಮೂಲೇಲಿರೋ ಗಾಡಿ ತಗೋ."

ಮೂಲೆಯ ಗಾಡಿಯನ್ನು ಯಾರೂ ಮುಟ್ಟುತ್ತಿರಲಿಲ್ಲ. ಬೈರಯ್ಯ ಹತ್ತಿ ಕೂತ. ಕೃಷ್ಣಯ್ಯನವರು ಕಿಟಕಿಯ ಹತ್ತಿರ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು: "ಇದಕ್ಕೆ ನಾಲ್ಕು ಫಲ ಒತ್ತಬೇಕಂತೆ. ಹುಫಾರು ಕಣಯ್ಯ."

ಕಂಪನಿಯ ಮ್ಯಾನೇಜರೊಬ್ಬರು ಅವನಿಗೆ ಕೊಟ್ಟ ಮೊದಲ ಟ್ರೈನಿಂಗು ಅದೇ. ಬೈರಯ್ಯ ಬರಿಗಾಲನ್ನು ಪೆಡಲಿನ ಮೇಲಿಟ್ಟು ಒತ್ತಿದ. ಅದು ತಳದವರೆಗೂ ಸಲೀಸಾಗಿ ಇಳಿದುಹೋಯಿತು. ಆ ಕ್ಷಣ ಅವನಿಗೆ ಹಾಯೆನಿಸಿತು, ಹಬ್ಬ ಮುಗಿಸಿ ತನ್ನ ಮನೆಗೆ ಬಂದ ಹಾಗೆ. ಮರುಕ್ಷಣವೇ, ಹಾಯೆನಿಸಿತಲ್ಲ ಎಂದು ಮೈಯೆಲ್ಲ ಉರಿಯಿತು.

"ಥೂ ನಿನ್ನ" ಎಂದು ತನ್ನ ಕಾಲಿಗೆ ತಾನೇ ಬೈದುಕೊಂಡ. ಕಾಲು ಆಗಲೇ ಎರಡನೇ ಸಲ ಒತ್ತುತ್ತಿತ್ತು.