ಕೋಟಿನ ಗುಂಡಿಗಳ ಸರ

ಮೊನ್ನೆ ನಿಪ್ಪಾಣಿಯ ಒಂದು ಒಡವೆ ಅಂಗಡಿಯಲ್ಲಿ ನಾವು ಮೂವರಿದ್ದೆವು: ನಾನು, ನನ್ನ ಅಕ್ಕ ಸುಮತಿ, ಅವಳ ಮಗಳು. ನಿಶ್ಚಯಕ್ಕೆಂದು ಬಂಗಾರ ನೋಡಲು ಹೋದವರು. ಅಂಗಡಿಯವನು ಕೆಂಪು ಮಖಮಲ್ಲಿನ ಮೇಲೆ ಒಂದು ಸರ ಸುರಿದ. ಬಂಗಾರದ ಸಪ್ಪಳವಲ್ಲ ಅದು, ಒಣ ಶೇಂಗಾಕಾಯಿ ಬುಟ್ಟಿಗೆ ಬಿದ್ದಂಥ ಮೊಂಡು ಸಪ್ಪಳ. ಸಾಲಾಗಿ ಹಿತ್ತಾಳೆಯ ಕೋಟಿನ ಗುಂಡಿಗಳು, ನಡುವೆ ಯಾವ ಯುದ್ಧವನ್ನೂ ಕಾಣದ ಒಂದು ಪದಕ. "ಮಿಲ್ಟ್ರಿ ಸ್ಟೈಲ್ ರೀ ಅಕ್ಕಾರ, ಈಗಿನ ಹುಡಿಗ್ಯಾರೆಲ್ಲ ಇದನ್ನ ಕೇಳ್ತಾರ," ಎಂದ. ಹುಡುಗಿ ಅದನ್ನು ಕೊರಳಿಗೆ ಹಿಡಿದು ಕನ್ನಡಿಯ ಕಡೆ ತಿರುಗಿದ್ದೇ ತಡ, ಅಕ್ಕ, "ತಗಿ ಅದನ್ನ, ಮೊದಲ ತಗಿ!" ಎಂದು ಕೂಗಿಬಿಟ್ಟಳು. "ಯಾಕಬೇ ಯವ್ವಾ, ಇದರಾಗೇನ ಹಾವ ಐತೇನ?" ಎಂದು ಹುಡುಗಿ ನಕ್ಕಳು. ನನಗೆ ನಗು ಬರಲಿಲ್ಲ. ಆ ಗುಂಡಿಗಳು ಫಳಫಳ ಹೊಳೆಯುತ್ತಿದ್ದವು. ಹೊಳೆಯುವ ಗುಂಡಿ ಕಂಡರೆ ನಮಗೇಕೆ ಎದೆ ಝಲ್ಲೆನ್ನುತ್ತದೆ ಎಂದು ತಿಳಿಯಬೇಕಾದರೆ ನೀವು ಕರೋಶಿಯ ನಮ್ಮ ಹಳೆಯ ಮನೆಗೆ ಒಮ್ಮೆ ಬರಬೇಕು.

ಆ ಮನೆ ಈಗಿಲ್ಲ. ಅಂಥದೊಂದು ಮನೆ ನಿಮಗೂ ಇದ್ದಿರಬಹುದು. ಕಣ್ಣು ಮುಚ್ಚಿದರೆ ಸಾಕು, ಯಾವ ಕಂಬ ಎಲ್ಲಿತ್ತು ಎಂದು ಕೈ ತಾನೇ ಹುಡುಕುತ್ತದೆ. ಪಡಸಾಲೆಗೆ ಕಾಲಿಟ್ಟರೆ ತಂಬಾಕಿನ ಘಾಟು, ಅಡುಗೆಮನೆಗೆ ಹೋದರೆ ಹೊಸ ಬೆಲ್ಲದ ಕಂಪು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತಿದ್ದ ಜೈನರ ಮನೆ ನಮ್ಮದು. ನಮ್ಮ ಅಜ್ಜಿಯನ್ನು ಎಲ್ಲರೂ ಆಯಿ ಎನ್ನುತ್ತಿದ್ದೆವು. ಅವಳ ಅತ್ತೆಯ ಕಾಲದಿಂದ ಆ ಮನೆಯಲ್ಲಿ ಒಂದು ಸರವಿತ್ತು. ನಮ್ಮ ಮುತ್ತಜ್ಜ ಬಿಳಿಯರ ಕಾಲದಲ್ಲಿ ದಂಡಿಗೆ ಸೇರಿ ಬಸ್ರಾದ ಮರಳುಗಾಡಿನವರೆಗೆ ಹೋಗಿ, ಚಿಂದಿಯಾದ ಕೋಟು ತೊಟ್ಟು ಹೊಳ್ಳಿ ಬಂದವನಂತೆ. ಮುತ್ತಜ್ಜಿ ಆ ಕೋಟನ್ನು ಒಲೆಗೆ ಹಾಕಿ, ಗುಂಡಿಗಳನ್ನು ಮಾತ್ರ ಕಿತ್ತು, ಪತ್ತಾರನ ಕಡೆ ಬೆಳ್ಳಿಯ ಮಣಿಗಳ ನಡುವೆ ಪೋಣಿಸಿಕೊಂಡಳು. ಪುತಳಿ ಸರ ಹಾಕಿಕೊಂಡ ಸಾಹುಕಾರತಿಯರು, "ಹಿತ್ತಾಳಿ ಕಟಗೊಂಡಾಳ," ಎಂದು ನಕ್ಕರೆ, "ನಿಮ್ಮ ಬಂಗಾರ ಪ್ಯಾಟ್ಯಾಗ ಸಿಗತೈತಿ. ಇದು ಸಾವಿನ ಬಾಯಾಗಿಂದ ಬಂದದ್ದ ಐತಿ," ಎಂದಳಂತೆ.

ಅಂದಿನಿಂದ ಅದೊಂದು ಕಟ್ಟಳೆಯಾಯಿತು. ಮನೆಯ ಗಂಡಸು ದಂಡಿಗೆ ಹೊರಟರೆ ತನ್ನ ಕೋಟಿನ ಒಂದು ಗುಂಡಿಯನ್ನು ಕಿತ್ತು ಆ ಸರಕ್ಕೆ ಸೇರಿಸಿ, ಸರವನ್ನು ಹೆಂಡತಿಯ ಕೊರಳಿಗೆ ಹಾಕಿ ಹೋಗಬೇಕು. ಅವನು ದೂರ ಇರುವಷ್ಟು ದಿನ ಅವಳು ಅದನ್ನು ತೆಗೆಯುವಂತಿಲ್ಲ, ತಿಕ್ಕುವಂತಿಲ್ಲ. ಬೆವರಿಗೆ ಗುಂಡಿ ಕಪ್ಪಾಗುತ್ತಿತ್ತು, ಕೊರಳಲ್ಲಿ ಹಸಿರು ಕಲೆ ಬೀಳುತ್ತಿತ್ತು. ಅವನು ಬಂದ ದಿನ ಹುಣಸೆಹಣ್ಣು ಹಚ್ಚಿ ತಿಕ್ಕುವುದು. ಆದರೆ ಅವನು ಬಾರದೆ ಸುದ್ದಿ ಬಂದರೂ ತಿಕ್ಕಿ, ತೆಗೆದಿಡುವುದು. ಆಯಿಯ ಮೈದುನನೊಬ್ಬನಿಗೆ ಹಾಗೆ ಆಗಿತ್ತು. ಹೊಳೆಯುವ ಗುಂಡಿ ಎಂದರೆ ಕಾಯುವುದು ಮುಗಿಯಿತು, ಅಷ್ಟೇ. ಹೇಗೆ ಮುಗಿಯಿತು ಎಂಬುದನ್ನು ಗುಂಡಿ ಹೇಳುತ್ತಿರಲಿಲ್ಲ.

ಕಾರ್ಗಿಲ್ಲಿನ ಗುಡ್ಡಗಳಲ್ಲಿ ಕಾಳಗ ಹತ್ತಿದಾಗ ಆ ಸರ ಪದ್ಮಾಕಾಕುವಿನ ಕೊರಳಲ್ಲಿತ್ತು. ಕಾಕು ಎಂದರೆ ನಮ್ಮಪ್ಪನ ತಮ್ಮ ಭರಮಾಕಾಕಾನ ಹೆಂಡತಿ. ಮುಗಳಖೋಡದ ಕಡೆಯವಳು, ಮದುವೆಯಾಗಿ ಇನ್ನೂ ಅರಿಶಿನ ಆರಿರಲಿಲ್ಲ. ಕಾಕಾ ಅಲ್ಲೇ ಮೇಲೆ ಎಲ್ಲೋ ಇದ್ದಾನೆಂದಷ್ಟೇ ನಮಗೆ ಗೊತ್ತು. ಸಂಜೆ ಪಕ್ಕದ ಮನೆಯ ಜೈಬುನ್ ಮೌಸಿಯ ಟಿವಿಯ ಮುಂದೆ ಕುಳಿತರೆ ಹಿಮ, ಹೊಗೆ, ಬಾವುಟ ಹೊದಿಸಿದ ಪೆಟ್ಟಿಗೆಗಳು. ಪೆಟ್ಟಿಗೆ ಕಂಡಾಗಲೆಲ್ಲ ಕಾಕು ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು. ನಾನೂ ಅಕ್ಕನೂ ಅವಳ ಸೆರಗು ಹಿಡಿಯುತ್ತಿದ್ದೆವು. ಅಂಚೆಯವನ ಸೈಕಲ್ ಗಂಟೆ ಕೇಳಿದರೆ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತುಬಿಡುತ್ತಿತ್ತು.

ಒಂದು ಮುಂಜಾನೆ ಆಯಿ ಕಟ್ಟೆಯ ಮೇಲೆ ಕುಳಿತಿದ್ದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಓಣಿಯ ತುದಿಯಲ್ಲಿ ಹಸಿರು ಅಂಗಿ ತೊಟ್ಟ ಎತ್ತರದ ಆಳೊಬ್ಬ ಬರುತ್ತಿರುವುದು ಮಾತ್ರ ಕಂಡಿತು. "ಪದ್ಮಾ! ಬಂದಬೇ, ನನ್ನ ಮಗ ಬಂದ! ಹುಣಚಿಹಣ್ಣ ತಾ!" ಎಂದು ಎದ್ದೇಬಿಟ್ಟಳು. ಕಾಕು ಹಿಟ್ಟಿನ ಕೈಯಲ್ಲೇ ಓಡಿಬಂದು ಕೊರಳು ಬಾಗಿಸಿದಳು. ಮಗ ಹೊಸ್ತಿಲು ತುಳಿಯುವುದರೊಳಗೆ ಹೊಳೆಯಲೆಂದು ಆಯಿ ಸರ ಬಿಚ್ಚಿಕೊಂಡು ಗಸಗಸ ತಿಕ್ಕಿದಳು. ಹುಳಿ ವಾಸನೆ ಬಾಗಿಲ ತುಂಬ. ಬಂದವನು ಕಾಕಾ ಅಲ್ಲ. ಅವನ ಪಲ್ಟಣಿಯವನು, ಐಗಳಿಯ ಹುಡುಗ. ಪೆಟ್ಟು ಬಿದ್ದ ತೋಳನ್ನು ಕೊರಳಿಗೆ ಕಟ್ಟಿಕೊಂಡಿದ್ದ. ಟೊಪ್ಪಿಗೆ ತೆಗೆದು, "ನಾ ದವಾಖಾನಿಗೆ ಬರೂಮಟಾ ಭರಮಣ್ಣ ಚಲೋ ಇದ್ದ ರೀ. ಆಮ್ಯಾಲಿಂದು ನನಗ ತಿಳೀದ ರೀ," ಎಂದ.

ಆಯಿಯ ಕೈಯಲ್ಲಿ ಗುಂಡಿ ಫಳಫಳ ಹೊಳೆಯುತ್ತಿತ್ತು. ಅದನ್ನು ಎದುರುಮನೆಯವಳು ನೋಡಿದಳು; ದಂಡಿನವನು ಟೊಪ್ಪಿಗೆ ತೆಗೆದು ತಲೆ ತಗ್ಗಿಸಿ ನಿಂತದ್ದನ್ನೂ ನೋಡಿದಳು. ಓಣಿಯಲ್ಲಿ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ಹೆಂಗಸರು ಸೆರಗು ಹೊದ್ದು ಒಬ್ಬೊಬ್ಬರಾಗಿ ಬಂದು ಗೋಡೆಗೆ ಒರಗಿ ಕುಳಿತರು. ಒಬ್ಬಳು ಹಾಡಿಕೊಂಡು ಅಳಲು ಸುರು ಮಾಡಿದಳು: "ಎಂಥಾ ಎತ್ತರದ ಆಳ ಇದ್ದೆಪ್ಪಾ ಭರಮಾ..." ಐಗಳಿಯ ಹುಡುಗ, "ಇಲ್ರೀ ಯವ್ವಾ, ಹಂಗಲ್ಲ ರೀ," ಎನ್ನುತ್ತಲೇ ಇದ್ದ, ಆ ಅಳುವಿನಲ್ಲಿ ಅವನ ದನಿ ಯಾರಿಗೂ ಕೇಳಲಿಲ್ಲ. ಕಾಕು ಅಳಲಿಲ್ಲ. ಬರಿಗೊರಳನ್ನು ಎರಡೂ ಕೈಯಿಂದ ಮುಚ್ಚಿಕೊಂಡು ನಿಂತಿದ್ದಳು. ಅವಳ ಮುಖ ನೋಡಿ ನನಗೆ ಹುಟ್ಟಿದ ಭಯ ಎಂಥದೆಂದರೆ, ಈಗಲೂ ಯಾರಾದರೂ ಕೊರಳಿಗೆ ಕೈ ಒಯ್ದರೆ ನಾನು ಬೇರೆ ಕಡೆ ನೋಡುತ್ತೇನೆ.

ಆಗ ಜೈಬುನ್ ಮೌಸಿ ಒಳಗೆ ಬಂದಳು. "ಯಾರಿಗೆ ಅಳಾಕತ್ತೀರಿ? ಹೆಣಾ ನೋಡೀರೇನ? ಏಳ್ರಿ, ಹೋಗಿ ನಿಮ್ಮ ನಿಮ್ಮ ಒಲಿ ನೋಡ್ಕೋರಿ!" ಎಂದು ಗದರಿಸಿದಳು. ಸೀದಾ ಅಡುಗೆಮನೆಗೆ ಹೋಗಿ, ರೊಟ್ಟಿ ಹಂಚಿನ ಬೆನ್ನಿನ ಮಸಿ ತಂದು, ಎಣ್ಣೆ ಸೇರಿಸಿ ಗುಂಡಿಗೆ ಮೆತ್ತಿದಳು. "ಕಾಯೂದು ಮುಗದಿಲ್ಲ ಮಗಳ. ನೋಡ, ಕಪ್ಪ ಮಾಡೇನಿ. ಹಾಕ್ಕೋ."

ಕಾಕು ಹಾಕಿಕೊಂಡಳು. ಆದರೆ ಹಚ್ಚಿದ ಮಸಿ ಬೆವರಿನ ಕಪ್ಪಿನಂತೆ ನಿಲ್ಲುವುದಿಲ್ಲ. ದಿನಾ ಕುಪ್ಪಸಕ್ಕೆ ಒರಸಿ ಹೋಗುತ್ತಿತ್ತು, ಅಡಿಯಿಂದ ಹಳದಿ ಇಣುಕುತ್ತಿತ್ತು, ದಿನಾ ಅವಳು ಒಲೆ ಹೊತ್ತಿಸುವ ಮೊದಲು ಮತ್ತೆ ಹಚ್ಚುತ್ತಿದ್ದಳು. ಆಯಿ ಣಮೋಕಾರ ಮಂತ್ರ ಗುಣಗುಣಿಸುತ್ತ ಸೊಸೆಯ ಮುಖದ ಬದಲು ಕೊರಳನ್ನೇ ನೋಡುತ್ತಿದ್ದಳು. ಕಾಳಗ ನಿಂತಿತೆಂದು ಟಿವಿ ಹೇಳಿತು. ನಮ್ಮ ಮನೆಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ಶ್ರಾವಣದ ಒಂದು ಮಧ್ಯಾಹ್ನ ಕಾಕಾ ಬಂದ. ಬಡಕಲಾಗಿದ್ದ, ಗಡ್ಡ ಬಿಟ್ಟಿದ್ದ, ಟ್ರಂಕು ಹೊತ್ತು ಬಾಗಿಲಲ್ಲಿ ನಿಂತಿದ್ದ. ಕಾಕು ಅವನನ್ನು ನೋಡಿ ಹಿಂದೆ ಸರಿದಳು. "ಅಲ್ಲೇ ನಿಲ್ಲರಿ, ಒಳಗ ಬರಬ್ಯಾಡ್ರಿ," ಎಂದಳು. ಆಮೇಲೆ ಗೋಡೆಯಾಚೆ ಕೂಗಿದಳು: "ಮೌಸೀ, ಲಗೂನ ಬರ್ರಿ. ಅವರ ಹೌದೇನ ನೋಡ್ರಿ." ಮೌಸಿ ಬಂದು ಕಾಕಾನ ಗಲ್ಲ ಮುಟ್ಟಿದಳು, ಹಣೆ ಮುಟ್ಟಿದಳು. "ಹೌದಬೇ, ಅಂವನ ಅದಾನ," ಎಂದಳು. ಆಗ ಕಾಕು ಹೊಸ್ತಿಲಲ್ಲೇ ಕುಸಿದು ಕುಳಿತು, ಅಷ್ಟು ದಿನದ್ದೆಲ್ಲ ಸೇರಿಸಿ ಅತ್ತಳು. ಆಯಿಯೂ ಅತ್ತಳು, ಮೌಸಿಯೂ ಅತ್ತಳು. ಅವರಾರೂ ಈಗಿಲ್ಲ, ಅಂದು ಅವರು ಅತ್ತ ಆ ಹೊಸ್ತಿಲೂ ಇಲ್ಲ. ಏನಾಗಿದೆಯೆಂದು ತಿಳಿಯದ ಕಾಕಾ ಟ್ರಂಕು ಹೊತ್ತೇ ನಿಂತು, "ಯಾರರ ಒಂದೀಟ ನೀರ ಕೊಡ್ರೆವ್ವಾ," ಎಂದ. ಅಕ್ಕ ಓಡಿಹೋಗಿ ತಂಬಿಗೆ ತಂದಳು. ಅವನು ನಿಂತಲ್ಲೇ ಕುಡಿದ.